ಇಪ್ಪತ್ತು ಲಕ್ಷ ಚುಕ್ಕಿಗಳಲ್ಲಿ ಅತ್ತೆಯ ಕಣ್ಣೀರು

ಕೆಟ್ಟುಹೋಯಿತೆಂದು ಟೀವಿ ಬದಲಾಯಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಬದಲಾಯಿಸಿದವರಿದ್ದಾರೆ. ಗೋಡೆಗೆ ಬಣ್ಣ ಹೊಡೆಸಿದ ಮೇಲೆ ಹಳೆಯದು ಪಿಳಿಪಿಳಿ ಕಣ್ಣುಬಿಟ್ಟಂತೆ ಕಂಡಿತೆಂದು ಬದಲಾಯಿಸಿದವರಿದ್ದಾರೆ. ಈ ಸಲ ಆರ್‌ಸಿಬಿ ಕಪ್ ಗೆದ್ದೇ ಗೆಲ್ಲುತ್ತದೆಂದು ಸೀಸನ್ನಿಗೆ ಇಷ್ಟಿಷ್ಟು ಇಂಚು ಏರಿಸಿಕೊಂಡು ಬಂದವರಿದ್ದಾರೆ; 2025ರಲ್ಲಿ ಅದು ನಿಜವಾಗಿಯೂ ಗೆದ್ದುಬಿಟ್ಟಿದ್ದರಿಂದ ಆ ಪಂಗಡಕ್ಕೆ ಈಗ ಬೇರೆ ನೆಪ ಬೇಕಾಗಿದೆ. ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ತಗೊಂಡೆ ಎನ್ನುವವರು ಹುಟ್ಟುವುದು ಬಿಲ್ ಕಟ್ಟಿದ ಮೇಲೆ.

ಹಾಗಾಗಿ ಹೈ ಡೆಫಿನಿಷನ್ ಟೀವಿಗೆ ಅಷ್ಟು ದುಡ್ಡು ಸುರಿಯಬೇಕೇ ಎಂಬ ಪ್ರಶ್ನೆ ಯಾವ ಮನೆಯಲ್ಲೂ ನೆಟ್ಟಗೆ ಚರ್ಚೆಯಾಗುವುದಿಲ್ಲ. ತೀರ್ಮಾನ ಮೊದಲು, ಲೆಕ್ಕ ಆಮೇಲೆ. ಈ ಪದ್ಧತಿಯನ್ನು ನಮಗೆ ಹೇಳಿಕೊಟ್ಟದ್ದು ಸರ್ಕಾರವೇ ಇರಬೇಕು. 1975ರ ಆಗಸ್ಟ್‌ನಲ್ಲಿ ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ 'ಸೈಟ್' ಪ್ರಯೋಗ ನಡೆಸಿದಾಗ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೂ ಟೀವಿ ಇಳಿಯಿತು. ಊರಿಗೊಂದು ಪೆಟ್ಟಿಗೆ, ಕಪ್ಪು ಬಿಳುಪು ಚಿತ್ರ, ಅದರಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ. ವರ್ಷ ತುಂಬಿತು, ಉಪಗ್ರಹ ಕೊಟ್ಟವರಿಗೆ ವಾಪಸ್ ಹೋಯಿತು. ಅಲ್ಲಿಂದಾಚೆಗೆ ಟೀವಿಗೆ ಏನಾದರೂ ಹೊಸದು ಬರಬೇಕಾದರೆ ಬೇಸಾಯ, ಪಾಠ ಸಾಲದಾದವು. ಬಣ್ಣ ಬರಲು 1982ರ ಏಷ್ಯನ್ ಕ್ರೀಡಾಕೂಟ ಬೇಕಾಯಿತು. ದೂರದರ್ಶನಕ್ಕೆ ಎಚ್‌ಡಿ ಬರಲು 2010ರ ದೆಹಲಿ ಕಾಮನ್‌ವೆಲ್ತ್ ಕೂಟ ಬೇಕಾಯಿತು. ಆ ಕೂಟದಲ್ಲಿ ಓಟಗಾರರ ಬೆವರ ಹನಿ ಕೂಡ ನಿಚ್ಚಳವಾಗಿ ಕಂಡಿತು. ಖರ್ಚುವೆಚ್ಚ ಮಾತ್ರ ಅಷ್ಟು ನಿಚ್ಚಳವಾಗಿ ಕಾಣದೆ ಸಿಎಜಿಯವರು ಭೂತಗನ್ನಡಿ ಹಿಡಿಯಬೇಕಾಯಿತು.

ಇರಲಿ, ಅಂಗಡಿಗೆ ಹೋಗೋಣ. ಬೆಂಗಳೂರಿನದಾಗಲಿ ದಾವಣಗೆರೆಯದಾಗಲಿ, ಯಾವ ಟೀವಿ ಷೋರೂಮಿಗೆ ಕಾಲಿಟ್ಟರೂ ಗೋಡೆಯುದ್ದಕ್ಕೂ ಕಾಣುವುದು ಅದೇ ಗಿಣಿ. ಪುಕ್ಕದ ಒಂದೊಂದು ಎಳೆಯನ್ನೂ ಎಣಿಸಬಹುದು. ಗಿಣಿ ಹಾರಿದ ಕೂಡಲೇ ಯಾರೋ ಕಿವಿ ಹಣ್ಣನ್ನು ನಿಧಾನವಾಗಿ ಕತ್ತರಿಸುತ್ತಾರೆ. ಆಮೇಲೆ ಜೇನುತುಪ್ಪ ಸುರಿಯುತ್ತದೆ, ಆಮೇಲೆ ಯಾವುದೋ ಶೀತಲ ದೇಶದ ಜಲಪಾತ, ಆಮೇಲೆ ಮತ್ತೆ ಗಿಣಿ. ಅಂಗಡಿಯ ಟ್ಯೂಬ್‌ಲೈಟುಗಳನ್ನೂ ಸೋಲಿಸುವಂತೆ ಬೆಳಕು, ಬಣ್ಣ ಎರಡನ್ನೂ ಕಿವಿ ಹಿಂಡಿ ಏರಿಸಿಟ್ಟಿರುತ್ತಾರೆ. ಅದಕ್ಕೆಂದೇ ಟೀವಿಯೊಳಗೆ 'ಸ್ಟೋರ್ ಮೋಡ್' ಎಂಬ ಪ್ರತ್ಯೇಕ ಏರ್ಪಾಡಿದೆ. ಗಿಣಿಯ ಮುಂದೆ ನಿಂತ ಗೃಹಸ್ಥ ಮನಸೋಲುತ್ತಾನೆ. ತನ್ನ ಮನೆಯಲ್ಲಿ ಯಾರೂ ಗಿಣಿ ನೋಡುವುದಿಲ್ಲ, ಕಿವಿ ಹಣ್ಣು ಡೆಂಗಿ ಬಂದಾಗ ಬಿಟ್ಟರೆ ತಂದದ್ದಿಲ್ಲ ಎಂಬುದು ಆ ಹೊತ್ತಿಗೆ ಅವನಿಗೆ ನೆನಪಾಗುವುದಿಲ್ಲ.

"ಇದರಲ್ಲಿ ಒಂದು ಕನ್ನಡ ಚಾನೆಲ್ ಹಾಕಪ್ಪ, ನೋಡೋಣ" ಎಂದೆ ಟೈ ಕಟ್ಟಿದ ಹುಡುಗನಿಗೆ.

"ಇಲ್ಲಿ ಕೇಬಲ್ ಕೊಟ್ಟಿಲ್ಲ ಸಾರ್. ಮನೇಲೂ ಹಿಂಗೇ ಬರುತ್ತೆ."

"ಸೀರಿಯಲ್ಲೂ ಹಿಂಗೇ ಬರುತ್ತಾ?"

"ಸೀರಿಯಲ್ ಹೆಂಗಿದ್ಯೋ ಹಂಗೆ ಬರುತ್ತೆ ಸಾರ್."

ಅಷ್ಟು ದೊಡ್ಡ ಷೋರೂಮಿನಲ್ಲಿ ಆ ದಿನ ನನ್ನ ಕಿವಿಗೆ ಬಿದ್ದ ಏಕೈಕ ಸತ್ಯ ಅದು. ಹೇಳಿದ್ದು ಅವನಿಗೇ ಗೊತ್ತಾಗಲಿಲ್ಲ.

ಟೀವಿ ಲೋಕದಲ್ಲಿ ವರ್ಣಾಶ್ರಮ ಇನ್ನೂ ಜಾರಿಯಲ್ಲಿದೆ. ಹುಟ್ಟಿನಿಂದ ಬಂದ ಚುಕ್ಕಿಗಳ ಸಂಖ್ಯೆಯೇ ಇಲ್ಲಿ ಕುಲ. ತಳದಲ್ಲಿ ನಮ್ಮ ಹಳೆಯ ಸಾಧಾರಣ ಪ್ರಸಾರ, ಅಂದರೆ ಎಸ್‌ಡಿ: ಅಡ್ಡಕ್ಕೆ 720, ಉದ್ದಕ್ಕೆ 576, ಒಟ್ಟು ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಅದರ ಮೇಲೆ 'ಎಚ್‌ಡಿ ರೆಡಿ', ಸಾಮಾನ್ಯವಾಗಿ ಹತ್ತೂವರೆ ಲಕ್ಷದ ಹತ್ತಿರ. ಈ ಎಚ್‌ಡಿ ರೆಡಿ ಎನ್ನುವವನು ಚುನಾವಣೆಯ ಟಿಕೆಟ್ ಆಕಾಂಕ್ಷಿ ಇದ್ದಂತೆ, ಸದಾ ಸಿದ್ಧ, ಕೊಟ್ಟಿಲ್ಲ ಅಷ್ಟೇ. ಪೂರ್ಣ ಎಚ್‌ಡಿ ಚಿತ್ರ ಬಂದರೆ ಕೈಮುಗಿದು ಒಳಗೆ ಕರೆಯುತ್ತಾನೆ, ಅರ್ಧ ಚುಕ್ಕಿಗಳನ್ನು ಹೊಸಿಲಲ್ಲೇ ಕಳಚಿಸಿಕೊಂಡು. ಅವನ ಮೇಲೆ 'ಫುಲ್ ಎಚ್‌ಡಿ', ಇಪ್ಪತ್ತು ಲಕ್ಷ ಎಪ್ಪತ್ಮೂರು ಸಾವಿರ. ಅವನ ಮೇಲೆ 4ಕೆ, ಹತ್ತಿರ ಹತ್ತಿರ ಎಂಬತ್ಮೂರು ಲಕ್ಷ. ಎಲ್ಲಕ್ಕಿಂತ ಮೇಲೆ, ಕೈಗೆ ಸಿಗದ ಎತ್ತರದಲ್ಲಿ 8ಕೆ. ಅದರ ವಿಚಾರ ಕೊನೆಗಿರಲಿ, ದೊಡ್ಡವರನ್ನು ಕಾಯಿಸಬೇಕು.

ಈ ಎಂಬತ್ಮೂರು ಲಕ್ಷದ ಸಿರಿವಂತನನ್ನು ಮನೆಗೆ ತಂದು, ಗೋಡೆಗೆ ಮೊಳೆ ಹೊಡೆಸಿ, ಅರಿಶಿನ ಕುಂಕುಮ ಹಚ್ಚಿ, ಹಳೆಯ ಸೆಟ್ ಟಾಪ್ ಬಾಕ್ಸಿಗೆ ಸಿಕ್ಕಿಸುತ್ತೇವೆ. ಬಾಕ್ಸಿನಿಂದ ಬರುವುದು ನಾಲ್ಕು ಲಕ್ಷ ಹದಿನಾಲ್ಕು ಸಾವಿರ ಚುಕ್ಕಿ. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತರಲ್ಲೊಂದು. ಅಂದರೆ ಬಂದ ಒಂದು ಚುಕ್ಕಿಯ ಸುತ್ತ ಟೀವಿ ತಾನೇ ಹತ್ತೊಂಬತ್ತನ್ನು ಊಹಿಸಿಕೊಂಡು ತುಂಬಬೇಕು. ಒಂದು ನಿಜಕ್ಕೆ ಹತ್ತೊಂಬತ್ತು ಊಹೆ. ಈ ಪ್ರಮಾಣ ನಮ್ಮ ನ್ಯೂಸ್ ಚಾನೆಲ್‌ಗಳಿಗೆ ಹೊಸದಲ್ಲ. ಟೀವಿ ಪೆಟ್ಟಿಗೆಗೇ ಆ ವಿದ್ಯೆ ಹತ್ತಿದ್ದು ಈಚೆಗೆ.

ಬಾಕ್ಸನ್ನೂ ಎಚ್‌ಡಿ ಮಾಡಿಸಿದಿರಿ ಎನ್ನಿ. ಅದನ್ನು ಹಾಕಲು ಬಂದವನು ಎಚ್‌ಡಿಎಂಐ ವೈರು ಇದೆಯಾ ಎಂದು ಕೇಳುತ್ತಾನೆ. ಅದು ಬಾಕ್ಸಿನ ಜೊತೆ ಬಂದಿರಬೇಕಲ್ಲವೇ ಎಂದು ನೀವು ಕೇಳುತ್ತೀರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ. ಕೊನೆಗೆ ಅವನು ಬ್ಯಾಗಿನಿಂದ ಹಳದಿ, ಕೆಂಪು, ಬಿಳಿ ತುದಿಯ ಮೂರೆಳೆಯ ವೈರು ತೆಗೆದು ಸಿಕ್ಕಿಸಿ, "ಚಿತ್ರ ಬಂತಲ್ಲ ಸಾರ್" ಎಂದು ಹೊರಡುತ್ತಾನೆ. ಹಳದಿ ಕೆಂಪು ಇದೆಯೆಂದು ನಾವು ಅಭಿಮಾನಪಟ್ಟು ಸುಮ್ಮನಾಗುತ್ತೇವೆ. ಚಿತ್ರ ಹೋಗುವುದು ಆ ಹಳದಿಯೊಂದರಲ್ಲಿ, ಅದರಲ್ಲಿ ಎಚ್‌ಡಿ ಹಾಯುವುದೇ ಇಲ್ಲ. ತಿಂಗಳು ತಿಂಗಳು ಎಚ್‌ಡಿ ಪ್ಯಾಕಿಗೆ ದುಡ್ಡು ಕಟ್ಟಿ, ಈ ವೈರಿನಲ್ಲಿ ಮಾಮೂಲಿ ಚಿತ್ರ ನೋಡುತ್ತಾ, "ಏನೇ ಹೇಳಿ, ಎಚ್‌ಡಿ ಎಚ್‌ಡಿಯೇ" ಎಂದು ತಲೆದೂಗುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅವರಿಗೆ ನಾನು ಏನೂ ಹೇಳಲು ಹೋಗಿಲ್ಲ. ನೆಮ್ಮದಿಗಿಂತ ಒಳ್ಳೆಯ ಚಿತ್ರ ಇನ್ನೂ ಮಾರುಕಟ್ಟೆಗೆ ಬಂದಿಲ್ಲವಲ್ಲ.

ಪ್ಯಾಕಿನದು ಇನ್ನೊಂದು ಪುರಾಣ. 2019ರಲ್ಲಿ ಟ್ರಾಯ್‌ನವರು ಹೊಸ ದರಪದ್ಧತಿ ತಂದಾಗ 130 ರೂಪಾಯಿ ಮತ್ತು ತೆರಿಗೆಗೆ ನೂರು ಸಾಧಾರಣ ಚಾನೆಲ್‌ಗಳೆಂದರು. ಎಚ್‌ಡಿ ಚಾನೆಲ್ ಬೇಕೆ? ಒಂದನ್ನು ಎರಡೆಂದು ಎಣಿಸಿ ಎಂದರು. ರೈಲಿನಲ್ಲಿ ದಪ್ಪ ಮನುಷ್ಯನಿಗೆ ಎರಡು ಟಿಕೆಟ್ ಕೇಳುವ ಧೈರ್ಯ ಭಾರತೀಯ ರೈಲ್ವೆಗೂ ಬಂದಿಲ್ಲ. ಅದೇ ಸೀರಿಯಲ್, ಅದೇ ಅತ್ತೆ, ಅದೇ ವಿಷದ ಲೋಟ. ಎಸ್‌ಡಿಯಲ್ಲಿ ಒಂದು ದರ, ಎಚ್‌ಡಿಯಲ್ಲಿ ಇನ್ನೊಂದು. ಲೋಟದಲ್ಲಿ ವಿಷ ಬೆರೆಸಿದ್ದು ಎಸ್‌ಡಿಯಲ್ಲೂ ಎಲ್ಲರಿಗೂ ಕಾಣುತ್ತಿತ್ತು.

ದಪ್ಪ ಎಂದಾಗ ನೆನಪಾಯಿತು. ಹಳೆಯ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, ಹೊಸ ಟೀವಿಯದು ಅಗಲ. ಪರದೆ ಪೂರ್ತಿ ತುಂಬಲಿ ಎಂದು ರಿಮೋಟ್ ಒತ್ತಿದರೆ ಚಿತ್ರ ಅಡ್ಡಡ್ಡ ಹಿಗ್ಗಿ ಪ್ರತಿಯೊಬ್ಬರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜ್ಯ ಹೋಯಿತು, ಹೆಂಡತಿ ಮಗ ಹೋದರು, ಹೊಟ್ಟೆಗೆ ಹಿಟ್ಟಿಲ್ಲ; ನಮ್ಮ ಹಾಲಿನಲ್ಲಿ ಮಾತ್ರ ರಾಜಕುಮಾರ್ ಮೈ ಕೈ ತುಂಬಿಕೊಂಡು ಸ್ಮಶಾನ ಕಾಯುತ್ತಿರುತ್ತಾರೆ. ಸರಿಪಡಿಸಹೊರಟರೆ ಮನೆಯಲ್ಲಿ ತಕರಾರು: "ರೀ, ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ. ಅಷ್ಟು ಜಾಗಕ್ಕೂ ದುಡ್ಡು ಕೊಟ್ಟಿಲ್ವಾ?" ವಾದಕ್ಕೆ ಉತ್ತರವಿಲ್ಲ. ಚದರಡಿ ಲೆಕ್ಕದಲ್ಲಿ ಸೈಟು ಕೊಳ್ಳುವ ಊರಿನಲ್ಲಿ ಇಂಚಿನ ಲೆಕ್ಕದಲ್ಲಿ ಟೀವಿ ಕೊಂಡವರು ಖಾಲಿ ಜಾಗ ಬಿಡುವುದು ಹೇಗೆ?

ಇಷ್ಟೆಲ್ಲ ದಾಟಿ ಅಪ್ಪಟ ಎಚ್‌ಡಿ ಚಿತ್ರ ಪರದೆಗೆ ಬಂತು ಎಂದೇ ಇಟ್ಟುಕೊಳ್ಳಿ. ಅದನ್ನು ಕಾಣಬೇಕಾದ್ದು ಕಣ್ಣು ತಾನೇ? ದೋಷವಿಲ್ಲದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಅಂತರವಿದ್ದರೆ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಿದ್ದರೆ ಎರಡೂ ಒಂದೇ. ಲೆಕ್ಕ ಹಾಕಿದರೆ 32 ಇಂಚಿನ ಫುಲ್ ಎಚ್‌ಡಿಯ ಪೂರ್ತಿ ಸೊಬಗು ಸವಿಯಲು ನಾಲ್ಕಡಿ ದೂರದಲ್ಲಿ ಕೂರಬೇಕು. 43 ಇಂಚಿನದಕ್ಕೆ ಐದೂವರೆ ಅಡಿ. 55 ಇಂಚಿನ 4ಕೆ ತಂದಿರಾ? ಮೂರೂವರೆ ಅಡಿ. ನಮ್ಮ ಹಾಲುಗಳಲ್ಲಿ ಸೋಫಾ ಒಂದು ಗೋಡೆಗೆ ಬೆನ್ನು ಕೊಟ್ಟು, ಟೀವಿ ಎದುರು ಗೋಡೆಗೆ ಅಂಟಿ, ನಡುವೆ ಹತ್ತು ಹನ್ನೆರಡು ಅಡಿ ಇರುತ್ತದೆ. ಅಷ್ಟು ದೂರದಿಂದ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಹೇಳುವವರಿದ್ದರೆ ಅವರನ್ನು ಕರೆಂಟು ಕಂಬದ ಮೇಲಿನ ಮೀಟರ್ ಓದಲು ಕಳಿಸಬಹುದು. ಕೊಟ್ಟ ದುಡ್ಡು ಹುಟ್ಟಬೇಕೆಂದರೆ ಕುಟುಂಬಸಮೇತ ಪರದೆಗೆ ಮೂಗು ತಾಗಿಸಿ ಚಾಪೆ ಹಾಸಿಕೊಳ್ಳಬೇಕು. "ಹಿಂದೆ ಸರಿಯೋ, ಕಣ್ಣು ಹೋಗುತ್ತೆ" ಎಂದು ಸೌಟು ಹಿಡಿದು ಬೆದರಿಸುತ್ತಿದ್ದ ಅಮ್ಮಂದಿರ ಬಾಯಲ್ಲೇ "ಮುಂದೆ ಬಾರೋ, ಇಎಂಐ ಹೋಗುತ್ತೆ" ಎನ್ನಿಸುವ ತಂತ್ರಜ್ಞಾನ ಇದು.

ಅದೂ ದೋಷವಿಲ್ಲದ ಕಣ್ಣಿನ ಮಾತು. ನಮ್ಮ ಮಹಡಿ ಮನೆಯ ಹಿರಿಯರು ಎಡಗಣ್ಣಿನ ಪೊರೆ ಮುಂದಿನ ವರ್ಷ ತೆಗೆಸಿದರಾಯಿತೆಂದು ಮುಂದೂಡಿ, ಈ ವರ್ಷ ಐವತ್ತೈದು ಇಂಚು ತಂದರು. ಪಾಪ, ಒಂದು ಕಣ್ಣಿಗೆ ಎಚ್‌ಡಿ, ಇನ್ನೊಂದಕ್ಕೆ ಮಂಜು. ಚಿತ್ರದ ಸ್ಪಷ್ಟತೆ ಹೆಚ್ಚಿಸುವ ಅತಿ ಅಗ್ಗದ ಉಪಾಯ ಏನೆಂದು ಯಾರಾದರೂ ನನ್ನನ್ನು ಕೇಳಿದರೆ, ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿಕೊಳ್ಳಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ.

ಈಗ ಮುಖ್ಯ ವಿಷಯ. ಈ ಇಪ್ಪತ್ತು ಲಕ್ಷ ಚುಕ್ಕಿಗಳಲ್ಲಿ ನಾವು ನೋಡುವುದಾದರೂ ಏನನ್ನು?

ರಾತ್ರಿ ಎಂಟರ ಸೀರಿಯಲ್ಲನ್ನೇ ತೆಗೆದುಕೊಳ್ಳಿ. ಎಸ್‌ಡಿ ಕಾಲದಲ್ಲಿ ಅದರಲ್ಲೊಂದು ಮಾಯೆಯಿತ್ತು. ಅರಮನೆಯಂಥ ಮನೆಯ ಕಂಬ ಕಲ್ಲಿನದೇ ಇರಬೇಕು ಅನಿಸುತ್ತಿತ್ತು. ಈಗ ಪ್ಲೈವುಡ್ಡಿನ ಜೋಡಣೆ ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವಾಯಿತೆಂದು ಗೆರೆ ಹೊಡೆದಂತೆ ಕಾಣುತ್ತದೆ. ಮಾವನ ವಿಗ್ಗಿನ ಜಾಲರಿ ಹಣೆಗೆ ಅಂಟಿದ ಜಾಗ, ಸೊಸೆಯ ಕೆನ್ನೆಯ ಬಣ್ಣಕ್ಕೂ ಕೊರಳ ಬಣ್ಣಕ್ಕೂ ನಡುವಿನ ಗಡಿವಿವಾದ, ಆಸ್ಪತ್ರೆಯ ದೃಶ್ಯದಲ್ಲಿ ಸಿಕ್ಕಿಸಿಯೇ ಇರದ ಡ್ರಿಪ್ಪು, ಎಲ್ಲ ಬಯಲು. ಎಚ್‌ಡಿ ಬಂದಾಗ ಹೊರದೇಶದ ಮೇಕಪ್ಪಿನವರು ಕಂಗಾಲಾಗಿ ಬಣ್ಣವನ್ನು ಗಾಳಿಯಲ್ಲಿ ತೆಳುವಾಗಿ ಸಿಂಪಡಿಸುವ ವಿಧಾನಕ್ಕೆ ಹೊರಳಿಕೊಂಡರು. ನಮ್ಮಲ್ಲಿ ಅಷ್ಟು ಪುರುಸೊತ್ತೆಲ್ಲಿ? ನಾಳೆಯ ಕಂತು ಇವತ್ತು ಮುಗಿಯಬೇಕು. ಕೋಪ ಬಂದರೆ ಒಂದೇ ಮುಖವನ್ನು ಮೂರು ಸಲ, ಮೂರು ದಿಕ್ಕಿನಿಂದ, ಗುಡುಗಿನ ಸಮೇತ ತೋರಿಸುತ್ತಾರೆ. ಚುಕ್ಕಿಗಳ ಲೆಕ್ಕ ಹಿಡಿದರೆ ಅದು ಅರುವತ್ತು ಲಕ್ಷವಾಯಿತು. ಇಂಥ ಲಾಭ ಗಿಣಿಯಲ್ಲಿ ಬರುತ್ತಿತ್ತೇ?

ನ್ಯೂಸ್ ಚಾನೆಲ್ಲಿನ ಲೆಕ್ಕ ಇನ್ನೂ ಸ್ವಾರಸ್ಯ. ಕೆಳಗೆ ಎರಡು ಅಂತಸ್ತಿನ ಪಟ್ಟಿ: ಒಂದರಲ್ಲಿ ಓಡುವ ಸುದ್ದಿ, ಇನ್ನೊಂದರಲ್ಲಿ ಓಡದೆ ಚೀರುವ ಸುದ್ದಿ. ಮೇಲೆ ಬ್ರೇಕಿಂಗ್ ನ್ಯೂಸಿನ ಕೆಂಪು ಫಲಕ, ಬೆಳಗ್ಗೆ ಆರಕ್ಕೆ ಮುರಿದದ್ದು ಸಂಜೆ ಆರಕ್ಕೂ ಕೂಡಿಕೊಂಡಿಲ್ಲ. ಎಡಕ್ಕೆ ಒಡವೆ ಅಂಗಡಿಯ ಜಾಹೀರಾತು. ಬಲಕ್ಕೆ ಒಂದರ ಮೇಲೊಂದು ಕಿಟಕಿಗಳಲ್ಲಿ ವಕ್ತಾರ, ಪ್ರತಿವಕ್ತಾರ, ಜ್ಯೋತಿಷಿ. ಇವರೆಲ್ಲ ಕೂತು ಮಿಕ್ಕ ಜಾಗದಲ್ಲಿ ಸುದ್ದಿಯ ಚಿತ್ರ. ಅದು ಪರದೆಯ ಕಾಲುಭಾಗ ಎಂದು ಉದಾರವಾಗಿ ಹಿಡಿದರೂ, ನೀವು ಕೊಂಡ ಐವತ್ತೈದು ಇಂಚಿನ ಟೀವಿ ಸುದ್ದಿಯ ಹೊತ್ತಿಗೆ ಇಪ್ಪತ್ತೇಳೂವರೆ ಇಂಚಿನದಾಯಿತು. ಅದರೊಳಗೆ ಓಡುವುದು ಯಾರೋ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊ. ಕಾಲುಭಾಗದ ಕಿಟಕಿಯಲ್ಲಿ ಅದರ ಅಗಲ ಏಳೂವರೆ ಇಂಚು. ಅದೂ ನೂರು ಮಂದಿಯ ವಾಟ್ಸ್ಆ್ಯಪ್ ದಾಟಿ ಸವೆದು ಬಂದಿರುತ್ತದೆ, ಇಲ್ಲವೇ ಕಳ್ಳನೂ ಮನೆಯ ಯಜಮಾನನೂ ಒಂದೇ ಥರ ಕಾಣುವ ಸಿಸಿಟಿವಿ ಚಿತ್ರ. ಗಮನವಿರಲಿ ಎಂದು ಅದರ ಸುತ್ತ ಕೆಂಪು ವೃತ್ತ ಹಾಕಿರುತ್ತಾರೆ. ಆ ವೃತ್ತ ಮಾತ್ರ ಅಪ್ಪಟ ಎಚ್‌ಡಿ.

ಸ್ಪಷ್ಟತೆ ಒಮ್ಮುಖವೇನೂ ಅಲ್ಲ. ಇಂಟರ್‌ನೆಟ್ಟಿನ ಕೈ ಹಿಡಿದ ಟೀವಿ ನಮ್ಮನ್ನೂ ನೋಡುತ್ತಿರುತ್ತದೆ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿ ಒಂದು ಕೋಟಿಗೂ ಮಿಕ್ಕ ಟೀವಿಗಳಿಂದ, ಯಾರು ಏನು ನೋಡುತ್ತಾರೆಂಬುದನ್ನು ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ನಮ್ಮನೆಯ ಟೀವಿಗೂ ನಾವು ಏನು ನೋಡುತ್ತೇವೆಂದು ಗೊತ್ತಿದ್ದರೆ ಅದಕ್ಕೆ ನನ್ನ ಸಹಾನುಭೂತಿಯಿದೆ.

ದುಡ್ಡಿನ ಮಾತಿಗೆ ಬರೋಣ. ಟೀವಿಯ ಬೆಲೆ ಈಗ ಅಂಥ ಭಾರಿಯೇನಲ್ಲ. 32 ಇಂಚಿಗಿಂತ ದೊಡ್ಡದಕ್ಕೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮುಂಚೆ 32 ಇಂಚಿನ ತನಕ ಅಗತ್ಯ, ಅದರಾಚೆ ಭೋಗ ಎಂದು ಸರ್ಕಾರ ಇಂಚುಪಟ್ಟಿಯಲ್ಲಿ ವೈರಾಗ್ಯ ಅಳೆಯುತ್ತಿತ್ತು. ಈಗ ಭೋಗವೂ ಅಗತ್ಯದ ದರಕ್ಕೇ ಸಿಗುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ 'ನೋ ಕಾಸ್ಟ್ ಇಎಂಐ' ಇದ್ದೇ ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿ ಆ ಹೆಸರಿನ ಯೋಜನೆಗಳಿಗೆ ತಡೆ ಹಾಕಿತ್ತು. ಹೆಸರು ಬದಲಾಯಿಸಿಕೊಂಡು ಅದು ಹಿಂಬಾಗಿಲಿಂದ ಬಂದಿದೆ: ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕೊಟ್ಟು, ಆಮೇಲೆ ಅದನ್ನೇ ಬಡ್ಡಿಯೆಂದು ವಸೂಲಿ ಮಾಡಿ, ಕ್ರೆಡಿಟ್ ಕಾರ್ಡಾದರೆ ಆ ಬಡ್ಡಿಯ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತಾರೆ. ಇಲ್ಲದ ಬಡ್ಡಿಗೆ ಇರುವ ತೆರಿಗೆ.

ಟೀವಿ ಒಂಟಿಯಾಗಿ ಬರುವುದಿಲ್ಲ ಎಂಬುದು ಗೊತ್ತಾಗುವುದು ಬಂದ ಮೇಲೆ. ತೆಳ್ಳಗಿನ ಮೈಯಲ್ಲಿ ಒಳ್ಳೆಯ ಸ್ಪೀಕರಿಗೆ ಜಾಗವಿಲ್ಲ. ಇದ್ದದ್ದು ಕೆಳಮುಖವಾಗಿ ಗೋಡೆಯ ಕಿವಿಯಲ್ಲಿ ಗುಟ್ಟು ಹೇಳುತ್ತದೆ. ಹಾಗಾಗಿ ಸೌಂಡ್‌ಬಾರ್. ಅದನ್ನಿಡಲು ಟೀವಿ ಯೂನಿಟ್. ಯೂನಿಟ್ಟಿಗೆ ಒಪ್ಪುವ ಸೋಫಾ. ನೆಟ್‌ಫ್ಲಿಕ್ಸ್‌ನಲ್ಲೂ ವರ್ಣಾಶ್ರಮವೇ: 199 ರೂಪಾಯಿಯ ಪ್ಲ್ಯಾನಿನಲ್ಲಿದ್ದ ಮನೆಯವರು 4ಕೆ ಬೇಕೆಂದರೆ 649ರ ಪಂಕ್ತಿಗೆ ಹೋಗಿ ಕೂರಬೇಕು. ಇಷ್ಟಾಗಿ ಸಿನಿಮಾ ಹಾಕಿದರೆ, ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದದ್ದಕ್ಕೆ ಟೀವಿ ತಾನೇ ನಡುವೆ ಚೌಕಟ್ಟು ಹೆಣೆದು ಸೇರಿಸಿ, ಕೋಟಿ ಸುರಿದು ಮಾಡಿದ ಚಿತ್ರವನ್ನು ಮಧ್ಯಾಹ್ನದ ಸೀರಿಯಲ್ಲಿನಂತೆ ಜಾರಿಸುತ್ತದೆ. ಆ ಸವಲತ್ತನ್ನು ದಯವಿಟ್ಟು ಆಫ್ ಮಾಡಿ ಎಂದು 2018ರಲ್ಲಿ ಟಾಮ್ ಕ್ರೂಸ್ ಅಂಥವನೇ ವಿಡಿಯೊ ಮಾಡಿ ಬೇಡಿಕೊಂಡ. ವಿಮಾನಕ್ಕೆ ಜೋತುಬೀಳುವ ಮನುಷ್ಯನೂ ಟೀವಿಯ ಸೆಟ್ಟಿಂಗ್ಸ್ ಮುಂದೆ ಕೈಮುಗಿಯಬೇಕಾಯಿತು.

ಹಾಗಾದರೆ ಕೊಳ್ಳಲೇಬಾರದೇ? ಹಾಗೇನಿಲ್ಲ. ಕ್ರಿಕೆಟ್ ನೋಡುವವರು ಕೊಳ್ಳಲಿ. ಹಳೆಯ ಟೀವಿಯಲ್ಲಿ ಚೆಂಡು ಎಲ್ಲಿದೆಯೆಂದು ಫೀಲ್ಡರು ಓಡುವ ದಿಕ್ಕು ನೋಡಿ ಊಹಿಸುತ್ತಿದ್ದೆವು. ಎಚ್‌ಡಿಯಲ್ಲಿ ಚೆಂಡಿನ ಹೊಲಿಗೆ ತಿರುಗುವುದು ಕಾಣುತ್ತದೆ. ಕಾಡುಪ್ರಾಣಿಗಳ ಚಿತ್ರ ನೋಡುವವರು, ಪರಭಾಷೆಯ ಸಿನಿಮಾದ ಕೆಳಗಿನ ಅಕ್ಷರ ಓದಲು ಕಣ್ಣು ಕಿರಿದು ಮಾಡುವವರು ಕೊಳ್ಳಲಿ. ಆರೇಳು ಅಡಿಯಲ್ಲಿ ಕೂರುವ ಮನೆಗೆ 43 ಇಂಚಿನ ಫುಲ್ ಎಚ್‌ಡಿ ಧಾರಾಳ ಸಾಕು, ಎಚ್‌ಡಿ ಬಾಕ್ಸು ಮತ್ತು ಸರಿಯಾದ ವೈರು ಇದ್ದರೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಆ ವೈರು ಊಟದ ಬಿಲ್ಲಿಗಿಂತ ಕಡಿಮೆಗೆ ಸಿಗುತ್ತದೆ. ಸೀರಿಯಲ್ಲು, ನ್ಯೂಸು ಮಾತ್ರ ನೋಡುವ ಮನೆಯವರು ಹಳೆಯದನ್ನೇ ಇಟ್ಟುಕೊಳ್ಳುವುದು ಕ್ಷೇಮ. ಕೆಲವು ಸಂಗತಿಗಳನ್ನು ಮಸುಕಾಗಿ ನೋಡುವುದೇ ಆರೋಗ್ಯಕರ.

ಇದನ್ನೆಲ್ಲ ವಿವರಿಸಿದ ಮೇಲೂ ಅಂಗಡಿಯ ಹುಡುಗ ನನ್ನನ್ನು ಬಿಡಲಿಲ್ಲ. ಕೊನೆಯ ಮೂಲೆಗೆ ಕರೆದೊಯ್ದು, ನಮ್ಮ ಹಾಲಿನ ಗೋಡೆಗಿಂತ ಅಗಲವಾದ ಒಂದು 8ಕೆ ಮುಂದೆ ನಿಲ್ಲಿಸಿದ. ಮೂರು ಕೋಟಿ ಮೂವತ್ತೊಂದು ಲಕ್ಷ ಚುಕ್ಕಿ.

"ಇದಕ್ಕೆ ಚಾನೆಲ್ ಎಲ್ಲಿದೆಯಪ್ಪ?"

"ಜಪಾನಲ್ಲಿದೆ ಸಾರ್."

ನಿಜವೇ. ಎನ್‌ಎಚ್‌ಕೆಯವರು 2018ರ ಡಿಸೆಂಬರ್‌ನಿಂದ 8ಕೆ ಚಾನೆಲ್ ನಡೆಸುತ್ತಿದ್ದಾರೆ.

"ನಮ್ಮಲ್ಲಿ?"

"ಬರುತ್ತೆ ಸಾರ್. ಫ್ಯೂಚರ್ ಪ್ರೂಫ್ ಇದು. ಈಗ್ಲೇ ತಗೊಂಡ್ರೆ ಆಮೇಲೆ ಬದಲಾಯ್ಸೋ ತಾಪತ್ರಯ ಇಲ್ಲ."

ಬರಲಿ. ಅದು ಕನ್ನಡಕ್ಕೆ ಬರುವ ಹೊತ್ತಿಗೆ ಇವತ್ತಿನ ಸೀರಿಯಲ್ಲಿನ ಸೊಸೆ ಬಡ್ತಿ ಪಡೆದು ಅತ್ತೆಯಾಗಿರುತ್ತಾಳೆ. ಅವಳ ರೇಷ್ಮೆ ಸೀರೆಯ ಒಂದೊಂದು ಎಳೆಯೂ, ಮೂಗುತಿಯ ತಿರುಪೂ ನಮಗೆ ಕಾಣುತ್ತಿರುತ್ತದೆ. ಅವಳು ಫೋನಿನಲ್ಲಿ ಆಸ್ತಿಯ ಗುಟ್ಟು ಹೇಳುತ್ತಿರುತ್ತಾಳೆ, ಎರಡಡಿ ಹಿಂದೆ, ಅರ್ಧ ತೆರೆದ ಬಾಗಿಲಲ್ಲಿ ನಾದಿನಿ ಪೂರ್ತಿ ಮೇಕಪ್ಪಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. ಮೂರು ಕೋಟಿ ಮೂವತ್ತೊಂದು ಲಕ್ಷ ಚುಕ್ಕಿಗಳಲ್ಲಿ ಇಡೀ ಕರ್ನಾಟಕಕ್ಕೆ ಕಾಣುವ ಆ ನಾದಿನಿ ಅತ್ತೆಯೊಬ್ಬಳಿಗೆ ಆಗಲೂ ಕಾಣಿಸುವುದಿಲ್ಲ.